ಇಳಿಸಿದ ಎಂಜಿನ್ ಏರುವ ಹೊತ್ತು

ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ನಡುವಯಸ್ಸು ದಾಟಿದವರಿಗೆ ಮೆಟಡೋರ್ ಎಂಬ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಮದುವೆಯ ದಿಬ್ಬಣವೂ ಸಂತೆಯ ಮೂಟೆಯೂ ಶಾಲೆಯ ಮಕ್ಕಳೂ ಅದರಲ್ಲೇ ಸಾಗಿದ ಕಾಲವೊಂದಿತ್ತು. ಅದನ್ನು ತಯಾರಿಸಿದ್ದು ಪುಣೆಯ ಬಜಾಜ್ ಟೆಂಪೊ ಕಂಪನಿ. ಹೆಸರು ಬಂದದ್ದು ಮಾತ್ರ ಜರ್ಮನಿಯ ಹ್ಯಾಂಬರ್ಗಿನಿಂದ. ಅಲ್ಲಿಯ ಟೆಂಪೊ ಕಾರ್ಖಾನೆ 1949ರಲ್ಲಿ ಹೊರತಂದ ಮೊದಲ ಮೆಟಡೋರಿಗೆ ಎದೆಬಡಿತವಾಗಿದ್ದುದು ಎರವಲು ಎಂಜಿನ್, ಫೋಕ್ಸ್‌ವ್ಯಾಗನ್ನಿನದು. 1950ರಲ್ಲಿ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನನ್ನು ರಸ್ತೆಗಿಳಿಸಿತು. ಸ್ವಲ್ಪ ಕಾಲದಲ್ಲೇ ನೆರೆಮನೆಗೆ ಎಂಜಿನ್ ಕೊಡುವುದನ್ನು ನಿಲ್ಲಿಸಿತು. ನಮ್ಮ ಮೆಟಡೋರುಗಳು ಬಹುಪಾಲು ಗುಜರಿ ಸೇರಿದವು. ಫೋಕ್ಸ್‌ವ್ಯಾಗನ್ನಿನ ಆ ಹಳೆಯ ವ್ಯಾನನ್ನಾದರೋ ಮನೆಯ ಹಿರಿಯರಂತೆ ಸಾಕಿಕೊಂಡಿರುವವರು ಜರ್ಮನಿಯಲ್ಲಿ ಇಂದಿಗೂ ಇದ್ದಾರೆ.

ಅಂಥವರಲ್ಲೊಬ್ಬನ ಬಳಿ 1966ರ ವ್ಯಾನು ಇತ್ತು. ಅದು ಅವನ ತಂದೆಯಿಂದ ಬಂದದ್ದು. ಒಂದು ಬೇಸಿಗೆಯಲ್ಲಿ ದಿಣ್ಣೆ ಏರುವಾಗ ಎಂಜಿನ್ನಿನ ಕೂಗು ಏರಿತೇ ಹೊರತು ವ್ಯಾನಿನ ವೇಗ ಏರಲಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವೆಡೆಯಲ್ಲಿ ಎಣ್ಣೆಯ ಹನಿ. ಫ್ಲೈವೀಲಿನ ಹಿಂದಿನ ಆಯಿಲ್ ಸೀಲ್ ಸವೆದು, ಎಣ್ಣೆ ಕ್ಲಚ್ ಪ್ಲೇಟಿನ ಮೇಲೆ ಹರಡಿತ್ತು. ಅಂಗೈಯಗಲದ ಒಂದು ರಬ್ಬರ್ ಬಳೆಗಾಗಿ ಇಡೀ ಎಂಜಿನ್ ಇಳಿಸಬೇಕು. ಗ್ಯಾರೇಜಿಗೆ ಒಯ್ಯುವಷ್ಟು ಹಣ ಆ ತಿಂಗಳು ಅವನಲ್ಲಿರಲಿಲ್ಲ. ತಂದೆ ಮಾಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದ ನೆನಪಷ್ಟೇ ಇತ್ತು.

ಆ ಎಂಜಿನ್ ಇರುವುದು ವ್ಯಾನಿನ ಹಿಂಬದಿಯಲ್ಲಿ. ಅತ್ತ ಎರಡು, ಇತ್ತ ಎರಡು ಸಿಲಿಂಡರುಗಳು ಅಡ್ಡ ಮಲಗಿವೆ. ತಂಪುಮಾಡಲು ನೀರಿಲ್ಲ, ಗಾಳಿ ಮಾತ್ರ. ಆದ್ದರಿಂದ ರೇಡಿಯೇಟರಿನ ಕಾಟವೂ ಇಲ್ಲ. ಸುಮಾರು 100 ಕಿಲೊ ತೂಗುವ ಈ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಬಿಗಿದಿರುವುದು ನಾಲ್ಕೇ ನಾಲ್ಕು ಕಡೆ: ಮೇಲೆ ಎರಡು ಬೋಲ್ಟು, ಕೆಳಗೆ ಎರಡು ನಟ್ಟು. 17ರ ಪಾನಾ ಒಂದಿದ್ದರೆ ಸಾಕು. ಸಾಕು ಎಂಬ ಮಾತು ಕೇಳಲು ಚೆಂದ. ಮೇಲಿನ ಬೋಲ್ಟುಗಳನ್ನು ಫ್ಯಾನಿನ ಪೆಟ್ಟಿಗೆಯ ಹಿಂದೆ ಕೈ ತೂರಿಸಿ, ಕಣ್ಣಿಗೆ ಕಾಣದಂತೆಯೇ ಬೆರಳಿನಿಂದ ಹುಡುಕಬೇಕು.

ಶನಿವಾರ ಬೆಳಿಗ್ಗೆ ಅವನು ವ್ಯಾನಿನ ಹಿಂಭಾಗವನ್ನು ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ನುಸುಳಬಾರದೆಂಬ ತಂದೆಯ ಎಚ್ಚರ ನೆನಪಿತ್ತು. ಬ್ಯಾಟರಿಯ ಸಂಪರ್ಕ ತಪ್ಪಿಸಿದ. ಡೈನಮೊ, ಕಾಯಿಲ್, ಎಣ್ಣೆಯ ಒತ್ತಡದ ಸ್ವಿಚ್ಚು, ಇವುಗಳ ತಂತಿಗಳನ್ನು ಬಿಡಿಸುತ್ತಾ ಹೋದಂತೆ, ಹನ್ನೊಂದು ವರ್ಷದ ಮಗಳು ಒಂದೊಂದಕ್ಕೂ ಚೀಟಿ ಕಟ್ಟಿ ತನ್ನ ಶಾಲೆಯ ನೋಟುಪುಸ್ತಕದಲ್ಲಿ ಚಿತ್ರ ಬರೆದುಕೊಂಡಳು. ಆಕ್ಸಿಲರೇಟರಿನ ತಂತಿ ಕಳಚಿತು, ಹೀಟರಿನ ಎರಡು ತಂತಿಗಳೂ ಕಳಚಿದವು. ಪೆಟ್ರೋಲ್ ಟ್ಯಾಂಕು ಎಂಜಿನ್ನಿಗಿಂತ ಎತ್ತರದಲ್ಲಿರುವುದರಿಂದ ಕೊಳವೆಯನ್ನು ಮೊದಲು ಹಿಡಿಕೆಯಿಂದ ಅಮುಕಿ ಆಮೇಲೆ ಬಿಡಿಸಿದ. ನಾಲ್ಕು ಬಿಗಿತಗಳು ಸಡಿಲಿದವು. ಜಾಕಿನ ಮೇಲೆ ಕೂತ ಎಂಜಿನ್ನನ್ನು ಮೂರ್ನಾಲ್ಕು ಇಂಚು ಹಿಂದಕ್ಕೆ ಸರಿಸಿ ಕೆಳಗಿಳಿಸಿದಾಗ ಇನ್ನೂ ಊಟದ ಹೊತ್ತಾಗಿರಲಿಲ್ಲ.

ಇಳಿಸಿದ ಮೇಲೆಯೇ ಅವನ ಕಣ್ಣಿಗೆ ಬಿದ್ದದ್ದು ಪೆಟ್ರೋಲಿನ ರಬ್ಬರ್ ಕೊಳವೆ. ಹೊರಗೆ ನುಣುಪಾಗಿದ್ದುದು ಬೆರಳಿನಲ್ಲಿ ಮಡಿಸಿದರೆ ಬಿರುಕು ಬಿಡುತ್ತಿತ್ತು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಈ ಎಂಜಿನ್ನಿನ ಒಡಲು ಮೆಗ್ನೀಸಿಯಂ ಬೆರೆತ ಲೋಹದ್ದು. ಒಮ್ಮೆ ಹೊತ್ತಿದರೆ ನೀರು ಹುಯ್ದು ಆರಿಸುವ ಬೆಂಕಿಯಲ್ಲ ಅದು. ಹೋದ ವಾರವಷ್ಟೇ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅವನು ಸ್ವಲ್ಪ ಹೊತ್ತು ಆ ಕೊಳವೆಯನ್ನು ಕೈಯಲ್ಲೇ ಹಿಡಿದು ಕೂತ. ಆ ನಾಡಿನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮಧ್ಯಾಹ್ನವೇ ಸೈಕಲ್ ಹತ್ತಿ ಹೋಗಿ ಹೊಸ ಕೊಳವೆಯನ್ನೂ ಹಿಡಿಕೆಗಳನ್ನೂ ತಂದ. ಸಂಜೆಯೊಳಗೆ ಹೊಸ ಸೀಲ್ ಕೂತಿತು, ಹೊಸ ಕ್ಲಚ್ ಪ್ಲೇಟೂ ಬಂದಿತು.

ಕೈಪಿಡಿಗಳು ಎಂಜಿನ್ ಇಳಿಸುವುದನ್ನು ಪುಟಗಟ್ಟಲೆ ವರ್ಣಿಸಿ, ಕಳಚಿದ ಕ್ರಮವನ್ನು ತಿರುವಿದರೆ ಜೋಡಣೆಯಾಯಿತೆಂದು ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತವೆ. ಆ ಒಂದು ಸಾಲು ಅವನ ಇಡೀ ಭಾನುವಾರವನ್ನು ನುಂಗಿತು. ಗೇರ್‌ಬಾಕ್ಸಿನಿಂದ ಚಾಚಿದ ಶಾಫ್ಟಿನ ಹಲ್ಲುಗಳು ಕ್ಲಚ್ ಪ್ಲೇಟಿನ ನಡುಗಂಡಿಯ ಹಲ್ಲುಗಳೊಳಗೆ ಜಾರಬೇಕು. ಅದರ ತುದಿ ಫ್ಲೈವೀಲಿನ ನಡುವಿನ ಸಣ್ಣ ಬೇರಿಂಗಿನಲ್ಲಿ ನೆಲೆಯಾಗಬೇಕು. ಎಂಜಿನ್ ಏರಿತು, ಮುಂದೆ ಸರಿಯಿತು, ಒಂದು ಬೆರಳಿನಷ್ಟು ಅಂತರ ಉಳಿಸಿಕೊಂಡು ನಿಂತಿತು. ನೂಕಿದ, ಅಲುಗಿಸಿದ, ಬೈದ. ಮಧ್ಯಾಹ್ನದ ಹೊತ್ತಿಗೆ ತೋಳು ಸೋತಿದ್ದವು. ಕೆಳಗಿನ ನಟ್ಟುಗಳು ಹೇಗೂ ಎರಡು ಸುತ್ತು ಹಿಡಿಯುತ್ತಿದ್ದವು. ಬಿಗಿಯುತ್ತಾ ಹೋದರೆ ಬೋಲ್ಟುಗಳೇ ಎಂಜಿನ್ನನ್ನು ಎಳೆದುಕೊಳ್ಳಲಿ ಎಂದು ಪಾನಾ ಎತ್ತಿಕೊಂಡ. ಹಾಗೆ ಎಳೆಸಿದರೆ ಕ್ಲಚ್ ಪ್ಲೇಟ್ ಬಾಗುತ್ತದೆ, ಇಲ್ಲವೇ ಗೇರ್‌ಬಾಕ್ಸಿನ ಕವಚದ ಕಿವಿ ಮುರಿಯುತ್ತದೆ. ಅವನಿಗದು ತಿಳಿದಿತ್ತು. ತಿಳಿದಿದ್ದೂ ಎತ್ತಿಕೊಂಡ.

ಟಾರ್ಚು ಹಿಡಿದು ಪಕ್ಕದಲ್ಲಿ ಮಲಗಿದ್ದ ಮಗಳು ಆಗ, ಸಂದು ಎಲ್ಲ ಕಡೆ ಒಂದೇ ಸಮವಾಗಿಲ್ಲವೆಂದಳು. ಕೆಳಗೆ ಅವಳ ಹೆಬ್ಬೆರಳು ತೂರುತ್ತಿತ್ತು, ಮೇಲೆ ಕಿರುಬೆರಳೂ ತೂರುತ್ತಿರಲಿಲ್ಲ. ಎಂಜಿನ್ನಿನ ಹಿಂತುದಿ ಎತ್ತರದಲ್ಲಿತ್ತು. ಅವನು ಪಾನಾ ಕೆಳಗಿಟ್ಟು, ಜಾಕಿನ ಮೇಲಿನ ಮರದ ತುಂಡನ್ನು ಕೊಂಚ ಸರಿಸಿ, ಸಂದು ಸುತ್ತಲೂ ಸಮನಾಗುವವರೆಗೆ ಹಿಂತುದಿಯನ್ನು ತಗ್ಗಿಸಿದ. ಗೇರು ಹಾಕಿಟ್ಟು, ಎಂಜಿನ್ನಿನ ಪುಲ್ಲಿಯನ್ನು ಮೆಲ್ಲನೆ ತಿರುಗಿಸುವ ಕೆಲಸವನ್ನು ಮಗಳಿಗೆ ವಹಿಸಿ, ತಾನು ಮೊಣಕಾಲು ಆನಿಸಿ ಒತ್ತಿದ. ಹಲ್ಲಿಗೆ ಹಲ್ಲು ಸಿಕ್ಕಿತು. ಎಂಜಿನ್ ಬೆಣ್ಣೆಯಲ್ಲಿ ಕೈಯಿಟ್ಟಂತೆ ಒಳಗೆ ಜಾರಿ, ಟಪ್ಪೆಂದು ಕೂತಿತು. ಬಿಗಿಯುವ ಕೆಲಸ ಹದಿನೈದು ನಿಮಿಷದ್ದು. ತಂತಿಗಳೆಲ್ಲ ನೋಟುಪುಸ್ತಕ ನೋಡಿ ಕೂಡಿಸಿದ್ದು.

ಕತ್ತಲಾಗುವ ಹೊತ್ತಿಗೆ ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ಎಚ್ಚೆತ್ತಿತು. ಎಣ್ಣೆಯ ಎಚ್ಚರಿಕೆಯ ದೀಪ ಆರಿತು. ಹೊಸ ಕೊಳವೆಯ ಎರಡೂ ತುದಿಗಳನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದ, ಒಣಗಿತ್ತು. ಎಂಜಿನ್ನಿನ ಕೆಳಗೆ ರಟ್ಟಿನ ಹಾಳೆಯೊಂದನ್ನು ಹಾಸಿ ಇಬ್ಬರೂ ಮನೆಯೊಳಗೆ ಹೋದರು.

ಮರುದಿನ ಬೆಳಿಗ್ಗೆ ಮಗಳು ಶಾಲೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಮೊದಲು ಶೆಡ್ಡಿಗೆ ಹೋಗಿ ಬಗ್ಗಿ ನೋಡಿದಳು. ರಟ್ಟಿನ ಮೇಲೆ ಒಂದು ಹನಿಯಿತ್ತು. ಆದರೆ ಅದು ಬಿದ್ದದ್ದು ಗೇರ್‌ಬಾಕ್ಸಿನ ಕಡೆಯಲ್ಲ, ಪುಲ್ಲಿಯ ಕಡೆ. ಆ ಹನಿ ಅಜ್ಜನ ಕಾಲದ್ದು. ಅವಳು ಅದರ ಸುತ್ತ ಪೆನ್ಸಿಲಿನಿಂದ ಗುಂಡು ಬರೆದು, ಪಕ್ಕದಲ್ಲಿ ತಾರೀಖು ಹಾಕಿ, ಬಸ್ಸು ಹಿಡಿಯಲು ಓಡಿದಳು.