ದಾಡಿ, ಬೋರ್ ನೀರು, ಔಷಧಿ ಹೊಡೆಯೋ ದಿನ

ಇವತ್ತು ತೋಟದ ವಿಷಯ ಅಲ್ಲ, ಮುಖದ ವಿಷಯ. ನಗಬೇಡಿ, ಸುತ್ತಿ ಬಳಸಿ ತೋಟಕ್ಕೇ ಬರುತ್ತೆ.

ಕಳೆದ ವರ್ಷ ನಮ್ಮ ದಾಳಿಂಬೆಗೆ ಥ್ರಿಪ್ಸ್ ಬಿದ್ದಿತ್ತು. ಬೆಳಿಗ್ಗೆ ಆರಕ್ಕೆ ಎದ್ದು ದಾಡಿ ಮಾಡ್ಕೊಂಡೆ. ವಾರದ ಗಡ್ಡ, ತಿಂಗಳ ಹಳೇ ಬ್ಲೇಡು. ಗಲ್ಲದ ಹತ್ರ ಎರಡು ಕಡೆ ಕೊಯ್ತು, ಕುತ್ತಿಗೆ ಎಲ್ಲಾ ಕೆಂಪು. ಲೋಷನ್ ಬಳ್ಕೊಂಡು, ಎಂಟಕ್ಕೆ ಔಷಧಿ ಕಲಸಿ, ಬಾಯಿಗೊಂದು ಟವಲ್ ಕಟ್ಟಿ ಪಂಪ್ ಬೆನ್ನಿಗೆ ಹಾಕಿದೆ. ಹತ್ತೂವರೆ ಹೊತ್ತಿಗೆ ಟವಲ್ ಬೆವರು, ಔಷಧಿ ಎರಡರಲ್ಲೂ ನೆಂದು, ಮುಖ ಮೆಣಸಿನಕಾಯಿ ಅರೆದು ಹಚ್ಚಿದಂಗೆ ಉರೀತಿತ್ತು. ಮಧ್ಯಾಹ್ನಕ್ಕೆ ತಲೆ ಸುತ್ತು, ವಾಂತಿ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಔಷಧಿ ಹೆಸರು ಕೇಳಿದ್ರು. ಆಮೇಲೆ ಮುಖ ನೋಡಿ, "ಬೆಳಿಗ್ಗೆ ಶೇವ್ ಮಾಡ್ಕೊಂಡ್ರಾ?" ಅಂದ್ರು.

ಬ್ಲೇಡು ಬರೀ ಕೂದಲು ತೆಗೆಯಲ್ಲ, ಚರ್ಮದ ಮೇಲಿನ ತೆಳು ಪದರವನ್ನೂ ಕೆರೀತದೆ. ಕಣ್ಣಿಗೆ ಕಾಣದ ಗೀರು ಎಷ್ಟೋ ಬಿದ್ದಿರ್ತವೆ. ಬೇಲಿ ಕಿತ್ತ ಹೊಲಕ್ಕೆ ದನ ನುಗ್ಗಿದಂಗೆ ಔಷಧಿ ಅಲ್ಲಿಂದ ಒಳಗೆ ಹೋಗುತ್ತೆ.

ಹಂಗಂತ ಗಡ್ಡ ಬಿಟ್ಕೊಂಡು ಹೊಡೆಯೋಣ ಅಂದ್ರೆ ಮಾಸ್ಕ್ ಗಡ್ಡದ ಮೇಲೆ ಸರಿಯಾಗಿ ಕೂರಲ್ಲ, ಸಂದಿಯಲ್ಲಿ ಗಾಳಿ ಎಳೆಯುತ್ತೆ. (ಹೌದು, ಈಗ ಟವಲ್ ಬಿಟ್ಟು ಮಾಸ್ಕ್ ತಂದಿದೀನಿ.) ಅದಕ್ಕೆ ಹಿಂದಿನ ದಿನ ಸಂಜೆಯೇ ದಾಡಿ ಮುಗಿಸ್ತೀನಿ. ಎಲ್ಲಾದ್ರೂ ಕೊಯ್ದುಕೊಂಡ್ರೆ ಔಷಧಿ ಮುಂದಕ್ಕೆ ಹಾಕ್ತೀನಿ. ಥ್ರಿಪ್ಸ್ ಎರಡು ದಿನ ಇದ್ದು ಹೋಗ್ಲಿ.

ಇನ್ನು ನನ್ನ ಮುಖ ಇಪ್ಪತ್ತು ವರ್ಷದಿಂದ ಯಾಕೆ ಹಂಗೆ ಕೆಂಪಾಗ್ತಿತ್ತು ಅನ್ನೋದು. ಕ್ರೀಮ್ ಬದಲಾಯಿಸಿದೆ, ಮಗ ತಂದ ಐದು ಬ್ಲೇಡಿನ ರೇಜರ್ ಹಿಡಿದೆ. ಅದರಲ್ಲಿ ಇನ್ನೂ ಹೆಚ್ಚಾಯ್ತು. ಬ್ಲೇಡು ಜಾಸ್ತಿ ಇದ್ದಷ್ಟು ಕೂದಲನ್ನ ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸ್ತದೆ. ನಮ್ಮಂಥ ಒರಟು, ಗುಂಗುರು ಗಡ್ಡ ಆಮೇಲೆ ಒಳಗೇ ಬಾಗಿ ಬೆಳೆದು ಗುಳ್ಳೆ ಏಳ್ತದೆ. ಅವನ ಎಳೇ ಗಡ್ಡಕ್ಕೆ ಅದು ಸರಿ ಇರಬಹುದು.

ನಿಜ ಹೇಳಿದ್ದು ಸಂತೆ ಬೀದಿಯ ಸೆಲೂನಿನ ಹಿರಿಯರು. "ಸ್ವಾಮೇ, ನಿಮ್ಮ ಬೋರ್ ನೀರಲ್ಲಿ ನೊರೆ ಎಲ್ಲಿ ಬರುತ್ತೆ?" ಅಂದ್ರು. ಅಲ್ಲಿಗೆ ಹೊಳೀತು. ನಮ್ಮದು 650 ಅಡಿ ಬೋರು. ಸೋಪು ತಿಕ್ಕಿದ್ರೆ ನೊರೆ ಬರೋ ಬದಲು ಒಡೆದ ಹಾಲಿನಂಗೆ ಬಿಳಿ ಚೂರು. ನೀರಿನ ಸುಣ್ಣ, ಮೆಗ್ನೀಷಿಯಂ ಸೋಪನ್ನ ಹಿಡ್ಕೊಂಡು ಬಿಡ್ತವೆ. ಡ್ರಿಪ್ಪಿನ ತೂತು ಕಟ್ಟೋದು, ಹಂಡೆ ತಳದಲ್ಲಿ ಬಿಳಿ ಪದರ ಕೂರೋದು, ಗ್ಲೈಫೋಸೇಟ್ ಹೊಡೆದರೂ ಹುಲ್ಲು ಪೂರ್ತಿ ಸಾಯದೇ ಇರೋದು, ಎಲ್ಲದರಲ್ಲೂ ಈ ಗಡಸು ನೀರಿನ ಕೈ ಇದೆ. ನೀರು ಪರೀಕ್ಷೆ ಮಾಡಿಸಿದೆ, ಗಡಸುತನ ಲೀಟರಿಗೆ 780 ಮಿಲಿಗ್ರಾಂ ಬಂತು. ಕುಡಿಯೋ ನೀರಿಗೆ 200 ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ಅಂತ ಲೆಕ್ಕ. ನೊರೆ ಇಲ್ಲದ ಮುಖದ ಮೇಲೆ ಬ್ಲೇಡು ಎಳೆಯೋದು, ಎಣ್ಣೆ ಕಾಣದ ಅಚ್ಚಿನ ಮೇಲೆ ಗಾಡಿ ಹೊಡೆದಂಗೆ.

ಈಗ ಸೂರಿನ ಕೆಳಗೆ ಒಂದು ಡ್ರಮ್ಮು ಇಟ್ಟಿದೀನಿ. ಮಳೆ ನೀರಲ್ಲಿ ಅದೇ ಹತ್ತು ರೂಪಾಯಿ ಸೋಪು, ಅದೇ ಬ್ರಶ್ಶು, ನೊರೆ ಮೊಸರು ಕಡೆದಾಗ ಬೆಣ್ಣೆ ಎದ್ದಂಗೆ ಏಳುತ್ತೆ. ಡ್ರಮ್ಮು ಖಾಲಿಯಾದ ಬೇಸಿಗೇಲಿ ಬೋರ್ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿ ಬಗ್ಗಿಸ್ಕೊಳ್ತೀನಿ. ಪೂರ್ತಿ ಅಲ್ಲ, ಸ್ವಲ್ಪ ಸುಣ್ಣ ತಳಕ್ಕೆ ಕೂರುತ್ತೆ.

ಸ್ನಾನ ಆದ ಮೇಲೆ ದಾಡಿ, ಮೊದಲಲ್ಲ. ಬಿಸಿನೀರಿಗೆ ನೆಂದ ಕೂದಲು ಮೆತ್ತಗಾಗಿರುತ್ತೆ. ನೊರೆ ಎರಡು ನಿಮಿಷ ಕೂರಬೇಕು. ರೇಜರ್ ನಮ್ಮಪ್ಪನ ಕಾಲದ್ದು, ಒಂದೇ ಬ್ಲೇಡು ಹಾಕೋದು. ಬ್ಲೇಡು ಎರಡೋ ಮೂರೋ ರೂಪಾಯಿ, ನಾಲ್ಕೈದು ಸಲಕ್ಕೆ ಬಿಸಾಕ್ತೀನಿ. ಮೊಂಡು ಕುಡುಗೋಲಲ್ಲಿ ರಾಗಿ ಕೊಯ್ಯೋಕೆ ಹೋದ್ರೆ ಬುಡ ಸಮೇತ ಕಿತ್ತು ಬರಲ್ವಾ, ಅದೇ ಕಥೆ. ಒತ್ತಬಾರದು, ರೇಜರ್ ಭಾರವೇ ಸಾಕು. ಕೂದಲು ಬಾಗಿದ ಕಡೆಗೇ ಎಳೀಬೇಕು. ನನ್ನ ಕುತ್ತಿಗೆಯ ಎಡಗಡೆ ಅದು ಅಡ್ಡಡ್ಡ ಬೆಳೀತದೆ ಅಂತ ಐವತ್ತೆರಡನೇ ವಯಸ್ಸಲ್ಲಿ ಗೊತ್ತಾಯ್ತು! ಆಮೇಲೆ ತಣ್ಣೀರು, ಎರಡು ಹನಿ ಕೊಬ್ಬರಿ ಎಣ್ಣೆ. ಸ್ಪಿರಿಟ್ ಲೋಷನ್ ಬಿಟ್ಟೇ ಬಿಟ್ಟೆ, ಚರ್ಮ ಒಣಗಿಸೋದೇ ಅದರ ಕೆಲಸ. ಕೊಯ್ದರೆ ಪಟಿಕ ಒತ್ತಿದ್ರೆ ರಕ್ತ ನಿಲ್ಲುತ್ತೆ. ಅಪ್ಪ ಮಗ ಒಂದೇ ಬ್ಲೇಡು ಬಳಸೋ ಮನೆಗಳಿವೆ, ಅದು ಬೇಡ. ರಕ್ತದಿಂದ ಕಾಮಾಲೆಯ ವೈರಸ್ ಹರಡುತ್ತೆ.

ನಾಡಿದ್ದು ದಾಳಿಂಬೆಗೆ ಔಷಧಿ ಹೊಡೆಯೋದಿದೆ, ನಾಳೆ ಸಂಜೆ ದಾಡಿ. ಡ್ರಮ್ಮಲ್ಲಿ ಇನ್ನೂ ಅರ್ಧ ನೀರಿದೆ. ನಿಮ್ಮ ಕಡೆ ಬೋರ್ ಎಷ್ಟು ಅಡಿ, ನೊರೆ ಬರುತ್ತಾ, ಬರೀರಿ.