ಒಂದು ಪಾಲಿಕೆ, ಎರಡು ಊರು

ಧಾರವಾಡದ ಜುಬಿಲಿ ಸರ್ಕಲ್ಲಿನಿಂದ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿಗೆ ಸುಮಾರು 20 ಕಿಲೋಮೀಟರ್. ಇಷ್ಟು ದೂರದ ಎರಡು ಊರುಗಳಿಗೆ ಒಂದೇ ಮಹಾನಗರ ಪಾಲಿಕೆ, ಒಬ್ಬರೇ ಮೇಯರ್. ಆದರೂ ಧಾರವಾಡದವರು ಸಂತೆಗೋ ಸಿನಿಮಾಕ್ಕೋ ಹೊರಟಾಗ ಇಂದಿಗೂ 'ಹುಬ್ಬಳ್ಳಿಗೆ ಹೋಗಿ ಬರತೀನ್ರಿ' ಎಂದೇ ಹೇಳುತ್ತಾರೆ, ಬೇರೆ ಊರಿಗೆ ಹೊರಟವರ ಹಾಗೆ. ಕಾಗದದ ಮೇಲೆ 1962ರಲ್ಲಿ ಒಂದಾದ ಊರುಗಳು ಮಾತಿನಲ್ಲಿ ಎಂದೂ ಒಂದಾಗಲಿಲ್ಲ.

ಎರಡರ ಸ್ವಭಾವವೂ ಬೇರೆ. ಹುಬ್ಬಳ್ಳಿ ವ್ಯಾಪಾರದ ಊರು. ದುರ್ಗದ ಬೈಲಿನ ಗದ್ದಲ, ಹತ್ತಿ, ಮೆಣಸಿನಕಾಯಿ, ರೈಲ್ವೆ ವರ್ಕ್‌ಶಾಪು. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ. ಧಾರವಾಡಕ್ಕೆ ಮಳೆ, ಫೇಡೆ, ಸಾಧನಕೇರಿ, ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯ, ಜಿಲ್ಲಾಧಿಕಾರಿಗಳ ಕಚೇರಿ, 2008ರಲ್ಲಿ ಬಂದ ಹೈಕೋರ್ಟ್ ಪೀಠ. ಒಂದು ಊರು ದುಡ್ಡು ಎಣಿಸುತ್ತದೆ, ಇನ್ನೊಂದು ಅಂಕ ಎಣಿಸುತ್ತದೆ ಎಂದು ಎರಡೂ ಕಡೆಯವರು ನಗುತ್ತಾರೆ.

ಮುಂಬಯಿ ಪ್ರಾಂತದ ಕಾಲದಲ್ಲಿ ಇವೆರಡಕ್ಕೂ ಪ್ರತ್ಯೇಕ ಮುನಿಸಿಪಾಲಿಟಿಗಳಿದ್ದವು: ಹುಬ್ಬಳ್ಳಿಯದು 1855ರದು, ಧಾರವಾಡದ್ದು 1856ರದು. ನೂರು ವರ್ಷಕ್ಕೂ ಮೇಲ್ಪಟ್ಟು ತಮ್ಮ ತಮ್ಮ ದೀಪ, ಚರಂಡಿ, ಕೆರೆ ನೋಡಿಕೊಂಡಿದ್ದ ಈ ಸಂಸ್ಥೆಗಳು ರಾಜ್ಯ ಒಂದಾದ ಆರೇ ವರ್ಷಕ್ಕೆ ಒಂದೇ ಪಾಲಿಕೆಯಲ್ಲಿ ಸೇರಿಹೋದವು. 2011ರ ಜನಗಣತಿಯ ಹೊತ್ತಿಗೆ ಅವಳಿ ನಗರದ ಜನಸಂಖ್ಯೆ 9,43,788. ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಇದೇ ದೊಡ್ಡದು.

ಇಂಥ ಸೇರ್ಪಡೆಯ ನಿಜ ರೂಪ ಕಾಣುವುದು ನಡುವಿನ ದಾರಿಯಲ್ಲಿ. ಟೋಲ್ ನಾಕಾ, ಲಕಮನಹಳ್ಳಿ, ಪೇರಲಕ್ಕೆ ಹೆಸರಾದ ನವಲೂರು, ಸತ್ತೂರು, ರಾಯಾಪುರ, ಅಮರಗೋಳ, ಭೈರಿದೇವರಕೊಪ್ಪ, ಚಂದ್ರಮೌಳೇಶ್ವರ ಗುಡಿಯ ಉಣಕಲ್ - ಒಂದು ಕಾಲಕ್ಕೆ ಹಳ್ಳಿಗಳಾಗಿದ್ದವು ಈಗ ಪಾಲಿಕೆಯ ವಾರ್ಡುಗಳು. ಅಗಸಿ, ಹನುಮಪ್ಪನ ಗುಡಿ, ಕಣ ಎಲ್ಲ ಇದ್ದಲ್ಲೇ ಇರುತ್ತವೆ, ಬದಲಾಗುವುದು ಲೆಕ್ಕಪತ್ರ. ಪಂಚಾಯಿತಿ ರದ್ದಾಗುತ್ತದೆ, ಅದರ ಆಸ್ತಿ ಪಾಲಿಕೆಗೆ ಸೇರುತ್ತದೆ. ಮನೆ ಕಟ್ಟಲು ಪರವಾನಿಗೆ ಬೇರೆ ಕಚೇರಿಯದು, ತೆರಿಗೆಯ ದರ ಬೇರೆ. ಹಳ್ಳಿಗಾಗಿ ಇರುವ ಉದ್ಯೋಗ ಖಾತ್ರಿಯಂಥ ಯೋಜನೆಗಳು ಪಾಲಿಕೆಯ ಗಡಿಯೊಳಗೆ ಬರುವುದಿಲ್ಲ. ಕಟ್ಟೆಯ ಮೇಲೆ ಸಿಗುತ್ತಿದ್ದ ಪಂಚಾಯಿತಿ ಮೆಂಬರನ ಬದಲು ಹತ್ತಾರು ಸಾವಿರ ಜನರಿಗೆ ಒಬ್ಬ ಪಾಲಿಕೆ ಸದಸ್ಯ. ಪ್ರತಿಯಾಗಿ ಬೀದಿದೀಪ, ಒಳಚರಂಡಿ, ನಳದ ನೀರು ಬರಬೇಕು. ತೆರಿಗೆಯ ಚೀಟಿ ಮೊದಲು ಬರುತ್ತದೆ, ನಳ ಆಮೇಲೆ ಬರುತ್ತದೆ ಎಂಬುದು ಊರಿಗೆ ಸೇರಿಹೋದ ಎಲ್ಲ ಹಳ್ಳಿಗಳ ಅನುಭವ. ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳು 2007ರಲ್ಲಿ ಪಾಲಿಕೆಗೆ ಸೇರಿದವು. ಅವುಗಳಿಗೆ ನೀರು ಕೊಡಬೇಕಾದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು ಅಕ್ಟೋಬರ್ 2024ರಲ್ಲಿ. ನಡುವೆ 17 ವರ್ಷ ಕಳೆದಿತ್ತು.

ಯಾವುದು ಮಹಾನಗರ, ಯಾವುದು ಅಲ್ಲ ಎಂಬುದಕ್ಕೆ ಕಾಯಿದೆಯಲ್ಲಿ ಅಳತೆಗೋಲಿದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯಿದೆಯ ಪ್ರಕಾರ ಕನಿಷ್ಠ ಮೂರು ಲಕ್ಷ ಜನ, ಚದರ ಕಿಲೋಮೀಟರಿಗೆ ಮೂರು ಸಾವಿರದ ಸಾಂದ್ರತೆ, ಇಷ್ಟು ವರಮಾನ, ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಒಕ್ಕಲುತನದ ಹೊರಗಿನ ಉದ್ಯೋಗ ಇರಬೇಕು. ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕು, ಆಮೇಲೆ ಅಂತಿಮ ಅಧಿಸೂಚನೆ. ಜನರ ಮತ ಕೇಳುವ ಪದ್ಧತಿ ಇದರಲ್ಲಿಲ್ಲ. ಗೆಜೆಟ್ಟಿನಲ್ಲಿ ಬಂದ ಸರ್ವೆ ನಂಬರುಗಳ ಪಟ್ಟಿಯನ್ನು ಎಷ್ಟು ಮಂದಿ ಓದಿಯಾರು?

ಒಂದೇ ಪಾಲಿಕೆಯಾದದ್ದರಿಂದ ಕೂಡಿಬಂದ ಲಾಭಗಳೂ ಇವೆ. ಮೊದಲನೆಯದು ನೀರು. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಿಂದ ಎತ್ತಿದ ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಎರಡೂ ಊರುಗಳಿಗೆ ಹರಿಯುತ್ತದೆ. ಕಲಘಟಗಿ ಕಡೆಯ ನೀರಸಾಗರ ಮಳೆಯನ್ನೇ ನಂಬಿದ ಕೆರೆ. ಬರದ ವರ್ಷ ತಳ ಕಾಣುವಂಥದ್ದು. ಮಲಪ್ರಭೆ ಇಲ್ಲದಿದ್ದರೆ ಹುಬ್ಬಳ್ಳಿಯ ಗತಿ ಕಷ್ಟವಿತ್ತು. 2008ರಲ್ಲಿ ಆಯ್ದ ಎಂಟು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆದಾಗ ದೇಶವೇ ಇತ್ತ ನೋಡಿತು. ಆ ಕಾಲದಲ್ಲಿ ಉಳಿದ ಬಡಾವಣೆಗಳವರು ವಾರಕ್ಕೊಮ್ಮೆ ಬರುವ ನೀರಿಗಾಗಿ ಕೊಡ, ಬ್ಯಾರಲ್ಲು, ಸಿಂಟೆಕ್ಸ್ ಜೋಡಿಸಿಟ್ಟು ನಿದ್ದೆಗೆಡುತ್ತಿದ್ದರು.

ಎರಡನೆಯದು ದಾರಿ. 'ಚಿಗರಿ' ಬಸ್ಸುಗಳು 2018ರ ಅಕ್ಟೋಬರಿನಲ್ಲಿ ಓಡತೊಡಗಿದವು, 2020ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾಯಿತು. ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಓಣಿ. ಅದರ ನಿರ್ವಹಣೆಗೆ ಪ್ರತ್ಯೇಕ ಕಂಪನಿ. ಹೊರಗೆ ಇತರ ವಾಹನಗಳ ನೂಕುನುಗ್ಗಲಿದ್ದರೂ ವಿದ್ಯಾರ್ಥಿಗಳು, ವಕೀಲರು, ಆಸ್ಪತ್ರೆಗೆ ಹೊರಟವರು ತಣ್ಣಗೆ ಕುಳಿತು ಸಾಗುತ್ತಾರೆ. ಮಳೆ ಬಂದರೆ ಟೋಲ್ ನಾಕಾದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಅದು ಯಾರ ಹೊಣೆ ಎಂಬ ಚರ್ಚೆ ಶುರುವಾಗುತ್ತದೆ. ಬಸ್ಸು ಒಬ್ಬರದು, ರಸ್ತೆ ಇನ್ನೊಬ್ಬರದು, ಚರಂಡಿ ಮೂರನೆಯವರದು. ಸೇವೆಗಳನ್ನು ಹಂಚಿಕೊಳ್ಳುವಾಗ ಹೊಣೆಯನ್ನು ಬರೆದು ಹಂಚದಿದ್ದರೆ ಹೀಗೇ ಆಗುತ್ತದೆ.

ಇಷ್ಟಾದರೂ ಧಾರವಾಡದ ಅಸಮಾಧಾನ ಕರಗಲಿಲ್ಲ. ಪಾಲಿಕೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ. ಸದಸ್ಯರಲ್ಲಿ ಹೆಚ್ಚಿನವರು ಹುಬ್ಬಳ್ಳಿಯವರು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಅವಳಿ ನಗರದ ಹೆಸರು ಸೇರಿತು, ಕೆಲಸ ಬಹುಪಾಲು ಒಂದೇ ಕಡೆ ನಡೆಯಿತು ಎಂಬುದು ಧಾರವಾಡದವರ ದೂರು. ಅವಧಿ 2019ರಲ್ಲಿ ಮುಗಿದರೂ ಚುನಾವಣೆ ನಡೆದದ್ದು ಸೆಪ್ಟೆಂಬರ್ 2021ರಲ್ಲಿ, ಮೇಯರ್ ಬಂದದ್ದು ಮೇ 2022ರಲ್ಲಿ. ಅಷ್ಟು ದಿನ ಊರ ದೂರು ಕೇಳಲು ಆಡಳಿತಾಧಿಕಾರಿ ಮಾತ್ರ. ಪ್ರತ್ಯೇಕ ಪಾಲಿಕೆಯ ಕೂಗು ಗಟ್ಟಿಯಾಗಿ, ಜನವರಿ 2025ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ನೀಡಿತು: 82 ವಾರ್ಡುಗಳಲ್ಲಿ 26 ಧಾರವಾಡಕ್ಕೆ, 56 ಹುಬ್ಬಳ್ಳಿಗೆ. ಅದೇ ವರ್ಷ ಬೆಂಗಳೂರು ಪಾಲಿಕೆಯೂ ಐದಾಯಿತು.

ಒಡೆಯುವುದು ಸೇರಿಸುವುದಕ್ಕಿಂತ ಕಷ್ಟದ ಕೆಲಸ. ವಾರ್ಡುಗಳನ್ನು ಗೆರೆ ಎಳೆದು ಹಂಚಬಹುದು. ಸಾಲ, ಸಿಬ್ಬಂದಿ, ಪಿಂಚಣಿ, ಗುತ್ತಿಗೆಗಳನ್ನು ಹಾಗೆ ಹಂಚಲಾಗದು. ಧಾರವಾಡದ ಚಿಂತೆ ವರಮಾನದ್ದು. ಊರ ತುಂಬ ಕಾಲೇಜು, ಕಚೇರಿ, ವಸತಿ ನಿಲಯ. ಇವುಗಳಲ್ಲಿ ಬಹಳಷ್ಟಕ್ಕೆ ಆಸ್ತಿ ತೆರಿಗೆಯ ವಿನಾಯಿತಿ. ಅಂಗಡಿ ಮುಂಗಟ್ಟು, ಗೋದಾಮುಗಳ ತೆರಿಗೆ ಹೆಚ್ಚು ಹುಟ್ಟುವುದು ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿಯ ಚಿಂತೆ ನೀರಿನದು. ಅದರ ನಳಕ್ಕೆ ಬರುವ ಮಲಪ್ರಭೆ ಶುದ್ಧವಾಗುವುದು ಧಾರವಾಡದ ಮಗ್ಗುಲಲ್ಲೇ. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಮೊದಲ ಸರದಿ ಯಾರದು? ಮುಖ್ಯ ಕೊಳವೆ ಒಡೆದರೆ ಖರ್ಚು ಯಾರದು? ಇಷ್ಟು ದಿನ ಒಂದೇ ಕಟ್ಟಡದೊಳಗೆ ಎಂಜಿನಿಯರುಗಳು ಫೋನಿನಲ್ಲಿ ಬಗೆಹರಿಸುತ್ತಿದ್ದ ಈ ಪ್ರಶ್ನೆಗಳಿಗೆ ಇನ್ನು ಎರಡು ಪಾಲಿಕೆಗಳು ಕರಾರು ಬರೆದು ಉತ್ತರ ಕೊಡಬೇಕಾಗುತ್ತದೆ.

ಅಣ್ಣತಮ್ಮಂದಿರು ಬೇರೆಯಾದರೂ ಬಾವಿ ಒಂದೇ ಇರುವ ಮನೆಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಅಲ್ಲಿ ಹಗ್ಗ ಯಾರು ತರಬೇಕು, ಹೂಳು ಯಾವಾಗ ತೆಗೆಯಬೇಕು ಎಂಬುದನ್ನು ಹಿರಿಯರು ಪಾಲಾಗುವ ದಿನವೇ ಗೊತ್ತು ಮಾಡಿರುತ್ತಾರೆ. ಹುಬ್ಬಳ್ಳಿ-ಧಾರವಾಡಕ್ಕೂ ಬೇಕಾದದ್ದು ಅಂಥದೇ ಒಂದು ಕಾಗದ. ನಡುದಾರಿಯ ಅಮರಗೋಳ, ಸತ್ತೂರು, ನವಲೂರಿನ ಜನಕ್ಕೆ ತಾವು ಯಾವ ಪಾಲಿಕೆಯವರು ಎಂಬುದಕ್ಕಿಂತ, ನಳದಲ್ಲಿ ನೀರು ಬಾರದ ದಿನ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು ಎಂಬುದು ಮುಖ್ಯ.