ಸೋತ ಮಗು ಒಪ್ಪುವ ತೀರ್ಪು

ಅಬ್ಬೆತುಮಕೂರಿನ ಶ್ರೀ ವಿಶ್ವಾರಾಧ್ಯರ ಜಾತ್ರೆಯಲ್ಲಿ ತೇರು ಎಳೆಯುವುದನ್ನು ಕಂಡ ಬಂಧುಗಳಿಗೆ, ಅಲ್ಲಿ ಎರಡು ಬಗೆಯ ಜನ ದುಡಿಯುತ್ತಾರೆಂಬುದು ಗೊತ್ತು. ಹಗ್ಗ ಹಿಡಿದು ಎಳೆಯುವವರು ಬಹು ಮಂದಿ. ಗಾಲಿಯ ಮಗ್ಗುಲಲ್ಲಿ ಬಾಗಿ ನಡೆಯುತ್ತ, ಬೇಕಾದಲ್ಲಿ ಮರದ ತಡೆ ಕೊಟ್ಟು ತೇರಿನ ಗತಿಯನ್ನು ಹಿಡಿತದಲ್ಲಿಡುವವರು ಕೆಲವೇ ಮಂದಿ. ನೆರೆದವರ ಕಣ್ಣೆಲ್ಲ ಕಳಸದ ಮೇಲಿರುತ್ತದೆ. ಗಾಲಿಯ ಬಳಿ ಇರುವವರನ್ನು ಯಾರೂ ನೋಡುವುದಿಲ್ಲ. ಮಕ್ಕಳ ಸ್ಪರ್ಧೆಯೊಂದಕ್ಕೆ ನಿರ್ಣಾಯಕರಾಗಿ ಕುಳಿತು ನಾವೂ ಒಮ್ಮೆ ಕಳಸವನ್ನಷ್ಟೇ ನೋಡಿದೆವು. ಆ ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಓದುಗರ ಮುಂದೆ ಇಡುವುದು ಈ ಬರಹದ ಉದ್ದೇಶ.

ಎರಡು ವರ್ಷಗಳ ಹಿಂದೆ ಈ ಭಾಗದ ಒಂದು ಪ್ರೌಢಶಾಲೆಯ ಮುಖ್ಯಗುರುಗಳು ನಮ್ಮಲ್ಲಿಗೆ ಬಂದರು. ಸರ್ ಸಿ. ವಿ. ರಾಮನ್ನರ 1928ರ ಶೋಧದ ನೆನಪಿಗಾಗಿ 1987ರಿಂದ ಪ್ರತಿವರ್ಷ ಫೆಬ್ರುವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ನಡೆಯುತ್ತಿದೆಯಷ್ಟೆ. ಆ ದಿನ ಮಕ್ಕಳು ರೋಲರ್ ಕೋಸ್ಟರಿನ ಮಾದರಿಗಳನ್ನು ಕಟ್ಟಿ ತರುವರು, ಮೂವರು ನಿರ್ಣಾಯಕರಲ್ಲಿ ತಾವೊಬ್ಬರಾಗಬೇಕು ಎಂದರು. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿ, ಆಯುಷ್ಯವೆಲ್ಲ ಕನ್ನಡ ಸಂಸ್ಕೃತಗಳನ್ನು ಪಾಠ ಹೇಳಿದ ನಮಗೆ ಆ ಹೆಸರೇ ಹೊಸದು. ಹಾಗೆಂದು ಹೇಳಿದೆವು. "ತಾವು ಹಿರಿಯರು, ಯಾರ ಪಕ್ಷವನ್ನೂ ಹಿಡಿಯುವವರಲ್ಲ, ಅಷ್ಟು ಸಾಕು" ಎಂದರು ಅವರು. ಪಕ್ಷಪಾತವಿಲ್ಲದಿದ್ದರೆ ಸಾಕೆಂದು ನಾವೂ ನಂಬಿದೆವು.

ರೋಲರ್ ಕೋಸ್ಟರ್ ಎಂದರೆ ಏರಿಳಿಯುವ ಹಳಿಗಳ ಮೇಲೆ ಓಡುವ ವಿನೋದದ ಬಂಡಿ. ಅದರ ಮೂಲ ರಷ್ಯಾ ದೇಶದ ಹಿಮದ ಜಾರುಬಂಡೆಗಳಲ್ಲಿದೆ ಎನ್ನುತ್ತಾರೆ. 1884ರಲ್ಲಿ ಅಮೆರಿಕದ ಕೋನಿ ಐಲೆಂಡಿನಲ್ಲಿ ಥಾಂಪ್ಸನ್ ಎಂಬವರು ಹೂಡಿದ ಬಂಡಿ ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗದ್ದು. 1895ರಲ್ಲಿ ಅಲ್ಲಿಯೇ ಜನರನ್ನು ತಲೆಕೆಳಗಾಗಿ ಸುತ್ತಿಸುವ ದುಂಡು ಸುರುಳಿಯ ಹಳಿ ಬಂದಿತು; ಸವಾರರ ಕತ್ತು ನೋಯತೊಡಗಿ ಅದು ಬಹುಕಾಲ ಬಾಳಲಿಲ್ಲ. 1976ರಲ್ಲಿ ಮೇಲೆ ಕಿರಿದು, ಕೆಳಗೆ ಅಗಲವಾದ ಹನಿಯಾಕಾರದ ಸುರುಳಿ ಬಂದ ಮೇಲೆಯೇ ಆ ಬಾಧೆ ತಪ್ಪಿತು. ನಮ್ಮ ರಾಜ್ಯದವರಿಗೆ ಇಂಥ ಬಂಡಿಗಳ ಪರಿಚಯ ಹೆಚ್ಚಾಗಿ ಆದದ್ದು ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಉದ್ಯಾನದಿಂದ. ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಯ ಮಕ್ಕಳು ಕಂಡಿರುವುದು ಜಾತ್ರೆಯ ತೊಟ್ಟಿಲನ್ನು. ಇದನ್ನು ಕಂಡದ್ದು ಮೊಬೈಲಿನಲ್ಲಿ. ಆದರೂ ಹನ್ನೊಂದು ಮಾದರಿಗಳು ಬಂದಿದ್ದವು.

ನಿಯಮವೆಂದು ನಮಗೆ ಕೊಟ್ಟದ್ದು ಅರ್ಧ ಹಾಳೆ. ಅಂದಕ್ಕೆ 40 ಅಂಕ, ವಿಜ್ಞಾನಕ್ಕೆ 30, ಮಂಡನೆಗೆ 30. ಒಂದು ಮಾದರಿ ಥರ್ಮಾಕೋಲಿನದು. ಬಣ್ಣ ಬಳಿದು, ಸಣ್ಣ ದೀಪಗಳನ್ನು ಹಚ್ಚಿ, ಬ್ಯಾಟರಿಯ ಮೋಟಾರಿನಿಂದ ಪುಟ್ಟ ಬಂಡಿಯನ್ನು ಓಡಿಸಿದ್ದರು. ಕೋಣೆಯ ಜನವೆಲ್ಲ ಅದರ ಸುತ್ತ ನಿಂತಿದ್ದರು. ಮೂಲೆಯಲ್ಲಿ ಎಂಟನೆಯ ತರಗತಿಯ ಒಂದು ಹೆಣ್ಣುಮಗು ತನ್ನದನ್ನು ಇಟ್ಟುಕೊಂಡು ನಿಂತಿತ್ತು. ಕಂಬಗಳಿಗೆ ತೊಗರಿ ಕಟ್ಟಿಗೆ, ಹಳಿಗೆ ಮಡಿಚಿದ ಹಳೆಯ ಲಗ್ನಪತ್ರಿಕೆಗಳು. ಮೇಲೆ ಗೋಲಿ ಬಿಟ್ಟರೆ ಇಳಿದು, ಸುರುಳಿ ಸುತ್ತಿ, ಕೊನೆಯ ಬಟ್ಟಲಿಗೆ ಬೀಳಬೇಕು. ನಮ್ಮೆದುರು ಎರಡು ಸಲ ಸುರುಳಿಯ ನೆತ್ತಿಯಿಂದ ಗೋಲಿ ಕೆಳಗೆ ಬಿದ್ದಿತು. ಮೂರನೆಯ ಸಲ ಬಟ್ಟಲು ಸೇರಿತು. ಅಷ್ಟರಲ್ಲಿ ನಾವು ಮುಂದಿನ ಮೇಜಿಗೆ ಹೊರಳಿದ್ದೆವು. ಥರ್ಮಾಕೋಲಿನ ಮಾದರಿಗೆ ಮೊದಲ ಬಹುಮಾನವೆಂದು ಮೂವರೂ ಸಹಿ ಹಾಕಿದೆವು. ತೊಗರಿ ಕಟ್ಟಿಗೆಯದು ಏಳನೆಯದಾಯಿತು.

ಸಂಜೆ ಹೊರಡುವಾಗ ಆ ಮಗು ತನ್ನ ಮಾದರಿಯ ಕಂಬಗಳನ್ನು ಒಂದೊಂದಾಗಿ ಬಿಚ್ಚಿ ಚೀಲಕ್ಕೆ ತುಂಬುತ್ತಿತ್ತು. ಪಕ್ಕದಲ್ಲಿ ಒಂದು ನೋಟುಪುಸ್ತಕ. ಸಹಜವಾಗಿ ತೆರೆದು ನೋಡಿದೆವು. ಇಪ್ಪತ್ತಮೂರು ಪ್ರಯೋಗಗಳು, ದಿನಾಂಕ ಸಹಿತ: ಗೋಲಿಯನ್ನು ಎಷ್ಟು ಎತ್ತರದಿಂದ ಬಿಟ್ಟಿತು, ಎಲ್ಲಿ ಬಿದ್ದಿತು, ಮರುದಿನ ಏನು ತಿದ್ದಿದೆ ಎಂದು. ಮೂವರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ಮಗು ತಲೆಯೆತ್ತದೆ ಹೇಳಿತು: "ಮುತ್ಯಾ, ಮೋಟಾರ್ ಹಚ್ಚಬೌದಂತ ನಮಗ ಯಾರೂ ಹೇಳಿದ್ದಿಲ್ಲರಿ. ಗೋಲಿ ತಾನೇ ಉರುಳಬೇಕಂತ ತಿಳ್ಕೊಂಡಿದ್ದೆ."

ಅದರಲ್ಲಿ ದೂರಿರಲಿಲ್ಲ. ಆದರೆ ನಮ್ಮಲ್ಲಿ ಉತ್ತರವೂ ಇರಲಿಲ್ಲ. ರೋಲರ್ ಕೋಸ್ಟರಿನ ಜೀವವೇ ತಾನಾಗಿ ಉರುಳುವುದು ಎಂಬುದನ್ನು ಆ ಮಗು ಅರಿತಿತ್ತು, ತೀರ್ಪು ಕೊಡಲು ಕುಳಿತ ನಾವು ಅರಿತಿರಲಿಲ್ಲ.

ಆ ರಾತ್ರಿ ನಮಗೆ ಪಾಠಶಾಲೆಯ ದಿನಗಳು ನೆನಪಾದವು. ಅಮರಕೋಶವನ್ನು ಕಂಠಪಾಠ ಒಪ್ಪಿಸುವ ದಿನ ನಮ್ಮ ಗುರುಗಳು ಹಿಂದಿನ ವಾರವೇ ಇಂಥಲ್ಲಿಂದ ಇಂಥಲ್ಲಿಯವರೆಗೆ ಎಂದು ಹೇಳಿಬಿಡುತ್ತಿದ್ದರು. ಒಪ್ಪಿಸುವಾಗ ತಡವರಿಸಿದರೆ ಬೈಯುತ್ತಿರಲಿಲ್ಲ. ಒಂದು ಹುಣಸೆಬೀಜವನ್ನು ನಮ್ಮ ಮುಂದೆ ಇಡುತ್ತಿದ್ದರು. ಮುಗಿದ ಮೇಲೆ ಬೀಜಗಳನ್ನು ನಾವೇ ಎಣಿಸಿ ಹೇಳಬೇಕು. ಯಾರು ಮೊದಲು, ಯಾರು ಕೊನೆ ಎಂದು ಗುರುಗಳು ಸಾರುವ ಅಗತ್ಯವೇ ಬೀಳುತ್ತಿರಲಿಲ್ಲ. ಕೊನೆಯವರಾದ ದಿನವೂ ಅನ್ಯಾಯವಾಯಿತೆಂದು ನಮಗೆ ಅನ್ನಿಸಿದ್ದಿಲ್ಲ. ಐವತ್ತು ವರ್ಷಗಳ ತರುವಾಯ ನಾವೇ ಆ ಪಾಠವನ್ನು ಮರೆತು ಕುಳಿತಿದ್ದೆವು.

ಮರುದಿನ ಮುಖ್ಯಗುರುಗಳನ್ನು ಕಂಡು ಮನಸ್ಸಿನಲ್ಲಿದ್ದುದನ್ನು ಹೇಳಿದೆವು. ಬಹುಮಾನವನ್ನು ಹಿಂದಕ್ಕೆ ಪಡೆಯುವುದು ನ್ಯಾಯವಾಗಿರಲಿಲ್ಲ. ಮೋಟಾರು ಹಚ್ಚಬಾರದೆಂದು ಆ ಹುಡುಗನಿಗೂ ಯಾರೂ ಹೇಳಿರಲಿಲ್ಲ. ಅವನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಮುರಿಯಲು ನಿಯಮವೇ ಇರಲಿಲ್ಲ. ಆದುದರಿಂದ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೆದುರು ನಿಂತು, "ತಪ್ಪು ನಿರ್ಣಾಯಕರಾದ ನಮ್ಮದು, ಗೆದ್ದವನದಲ್ಲ, ಸೋತವರದೂ ಅಲ್ಲ, ಮುಂದಿನ ವರ್ಷದ ನಿಯಮಗಳನ್ನು ಮೂರು ತಿಂಗಳು ಮೊದಲೇ ಬರೆದು ಗೋಡೆಗೆ ಹಚ್ಚುತ್ತೇವೆ" ಎಂದೆವು. ಅರವತ್ತು ದಾಟಿದವರಿಗೆ ಅದು ಸುಲಭದ ಮಾತಲ್ಲ. ಹೇಳಿದ ಮೇಲೆ ಮನಸ್ಸು ಹಗುರಾಯಿತು.

ನಿಯಮ ಬರೆಯುವ ಮೊದಲು ವಿಷಯ ತಿಳಿಯಬೇಕಲ್ಲ! ಆ ಶಾಲೆಯ ವಿಜ್ಞಾನ ಶಿಕ್ಷಕರು ನಮಗೆ ಗುರುಗಳಾದರು. 1984ರಿಂದ ನಡೆಯುತ್ತಿರುವ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೂ ಕರೆದೊಯ್ದರು. ಅವರು ತಿಳಿಸಿದ ರೀತಿ ನಮ್ಮ ನೆಲದ್ದೇ. ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ಅಲ್ಲಿಂದ ಎಡದಂಡೆ ಕಾಲುವೆಗೆ ಬಿಟ್ಟ ನೀರು ಸುರಪುರ, ಶಹಾಪುರಗಳ ಹೊಲಗಳನ್ನು ಸೇರುವುದು ಇಳಿಜಾರಿನ ಬಲದಿಂದ. ಆರಂಭದ ಎತ್ತರವೇ ಅದರ ಬಂಡವಾಳ. ದಾರಿಯುದ್ದಕ್ಕೂ ಅದು ಖರ್ಚಾಗುತ್ತ ಹೋಗುತ್ತದೆ, ಎಲ್ಲಿಯೂ ಮರಳಿ ಗಳಿಸುವಂತಿಲ್ಲ. ಗೋಲಿಯದೂ ಅದೇ ಲೆಕ್ಕ. ಮೇಲಿರುವಾಗಿನ ಎತ್ತರ ಇಳಿಯುವಾಗ ವೇಗವಾಗುತ್ತದೆ, ಏರುವಾಗ ವೇಗ ಮತ್ತೆ ಎತ್ತರವಾಗುತ್ತದೆ, ಘರ್ಷಣೆ ನಡುವೆ ತನ್ನ ಪಾಲನ್ನು ಕತ್ತರಿಸಿಕೊಳ್ಳುತ್ತದೆ. 20 ಸೆಂಟಿಮೀಟರ್ ಎತ್ತರದ ದುಂಡು ಸುರುಳಿಯನ್ನು ಉರುಳುವ ಗೋಲಿ ಬೀಳದೆ ಸುತ್ತಬೇಕಾದರೆ, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಸುರುಳಿಯ ಬುಡದಿಂದ 27 ಸೆಂಟಿಮೀಟರ್ ಎತ್ತರದಲ್ಲಿ ಅದನ್ನು ಬಿಡಬೇಕು. ರಟ್ಟಿನ ಹಳಿಯಲ್ಲಿ ಇನ್ನೂ ಹೆಚ್ಚು ಬೇಕು. ಆ ಮಗುವಿನ ನೋಟುಪುಸ್ತಕದಲ್ಲಿ ಇಪ್ಪತ್ತೊಂದನೆಯ ಪ್ರಯೋಗದ ಎದುರು 36 ಎಂದು ಬರೆದಿತ್ತು. ಯಾರೂ ಕಲಿಸದೆ ಮಗು ಅಲ್ಲಿಗೆ ಮುಟ್ಟಿತ್ತು.

ಬಳಿಕ ನಿಯಮಗಳನ್ನು ಬರೆದೆವು. ಗೋಲಿ ತನ್ನ ಭಾರದಿಂದಲೇ ಉರುಳತಕ್ಕದ್ದು. ಮೋಟಾರು, ಅಯಸ್ಕಾಂತ, ಕೈನೂಕು ಕೂಡದು. ತಳ 60 ಸೆಂಟಿಮೀಟರ್ ಚೌಕದೊಳಗೆ, ಎತ್ತರ 75 ಸೆಂಟಿಮೀಟರಿನೊಳಗೆ ಇರತಕ್ಕದ್ದು. ಸಾಮಗ್ರಿಗೆ 150 ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡತಕ್ಕದ್ದಲ್ಲ. ಅಂಗಡಿಯ ಸಿದ್ಧ ಮಾದರಿ ನಡೆಯದು. ಹಳಿಯಲ್ಲಿ ಒಂದಾದರೂ ಸುರುಳಿ ಇರಬೇಕು. ಗೋಲಿಯನ್ನು ಶಾಲೆಯೇ ಎಲ್ಲರಿಗೂ ಒಂದೇ ಅಳತೆಯದನ್ನು ಕೊಡುವುದು. ಭಾರದ ಗೋಲಿ ಹುಡುಕಿ ತಂದವನಿಗೆ ಲಾಭವಾಗಬಾರದು.

ಎಲ್ಲಕ್ಕಿಂತ ಹೆಚ್ಚು ಚರ್ಚೆ ನಡೆದದ್ದು ವೇಗದ ಬಗೆಗೆ. ಬೇಗ ಮುಟ್ಟಿದವನು ಗೆದ್ದನೆಂದರೆ ಎಲ್ಲರೂ ನೆಟ್ಟಗಿನ ಇಳಿಜಾರು ಕಟ್ಟಿ ಕೈತೊಳೆದುಕೊಳ್ಳುವರು. ಅಮೆರಿಕದ ಸೈನ್ಸ್ ಒಲಿಂಪಿಯಾಡಿನ ಇಂಥದೇ ಸ್ಪರ್ಧೆಯಲ್ಲಿ ಗುರಿಯ ಸಮಯಕ್ಕೆ ಎಷ್ಟು ಹತ್ತಿರ ಬಂದರೆಂದು ನೋಡುವರಂತೆ. ನಾವೂ ಅದನ್ನು ಹಿಡಿದೆವು. ಪ್ರತಿ ಮಗುವೂ ತನ್ನ ಗೋಲಿ 15ರಿಂದ 30 ಸೆಕೆಂಡುಗಳೊಳಗೆ ಎಷ್ಟರಲ್ಲಿ ಬಟ್ಟಲು ಸೇರುವುದೆಂದು ಮೊದಲೇ ಚೀಟಿಯಲ್ಲಿ ಬರೆದುಕೊಡಬೇಕು. ತಪ್ಪಿದ ಪ್ರತಿ ಸೆಕೆಂಡಿಗೆ ಎರಡು ಅಂಕ ಕಡಿತ. ತಾನು ಕಟ್ಟಿದ್ದನ್ನು ತಾನು ಎಷ್ಟು ಬಲ್ಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಮೂರು ಓಟಗಳಲ್ಲಿ ಒಳ್ಳೆಯ ಎರಡನ್ನು ಹಿಡಿದು, ಒಂದೊಂದಕ್ಕೆ 20ರಂತೆ 40 ಅಂಕ. ಗೋಲಿ ನಡುವೆ ಬಿದ್ದರೆ ಸೊನ್ನೆಯಲ್ಲ. ಹಳಿಯನ್ನು ನಾಲ್ಕು ಭಾಗ ಮಾಡಿ, ದಾಟಿದ ಭಾಗಕ್ಕೆ ಐದರಂತೆ ಕೊಡುವುದು. ಸಮಯಕ್ಕೆ 20, ಪ್ರಯೋಗದ ನೋಟುಪುಸ್ತಕಕ್ಕೆ 20, ಪ್ರಶ್ನೋತ್ತರಕ್ಕೆ 15. ಅಂದಕ್ಕೆ 5. ಒಟ್ಟು ನೂರು. ನಿರ್ಣಾಯಕರಿಗೂ ನಿಯಮ ಬರೆದೆವು. ಅಂಕಗಳನ್ನು ಪರಸ್ಪರ ಮಾತಾಡದೆ ಬರೆಯಬೇಕು. ಇಬ್ಬರು ಗಡಿಯಾರ ಹಿಡಿದು ಸರಾಸರಿ ತೆಗೆಯಬೇಕು. ಬಂಧುಗಳ ಮಕ್ಕಳಿದ್ದರೆ ಎದ್ದು ಹೋಗಬೇಕು. ಕೊನೆಯದು ಹುಣಸೆಬೀಜದ ನಿಯಮ: ಅಂಕಪಟ್ಟಿಯನ್ನು ಪ್ರತಿ ಮಗುವಿನ ಕೈಗೂ ಕೊಡಬೇಕು.

ಮುಂದಿನ ಫೆಬ್ರುವರಿಯಲ್ಲಿ ಹದಿನಾರು ಮಾದರಿಗಳು ಬಂದವು. ಹಿಂದಿನ ವರ್ಷ ಗೆದ್ದ ಹುಡುಗನೂ ಬಂದಿದ್ದ, ಮೋಟಾರಿಲ್ಲದೆ. ನಾಲ್ಕನೆಯವನಾದರೂ ಈ ಸಲ ತನ್ನ ಮಾದರಿಯ ಬಗ್ಗೆ ಕೇಳಿದ್ದಕ್ಕೆಲ್ಲ ತಾನೇ ಉತ್ತರ ಹೇಳಿದ. ಆ ಹೆಣ್ಣುಮಗು ಈಗ ಒಂಬತ್ತನೆಯ ತರಗತಿ. ಮತ್ತೆ ತೊಗರಿ ಕಟ್ಟಿಗೆ, ಲಗ್ನಪತ್ರಿಕೆ. ಆದರೆ ಸುರುಳಿ ಈಗ ದುಂಡಗಿರಲಿಲ್ಲ, ಹನಿಯ ಆಕಾರದಲ್ಲಿತ್ತು. ಗೋಲಿ ಮೂರು ಸಲವೂ ಬಟ್ಟಲು ಸೇರಿತು. ನಮ್ಮ ಮನಸ್ಸು ಆ ಮಗುವೇ ಗೆಲ್ಲಲೆಂದು ಹಾರೈಸಿತು ಎಂಬುದನ್ನು ಬಚ್ಚಿಡುವುದಿಲ್ಲ. ಆ ಹಾರೈಕೆ ಅಂಕದೊಳಗೆ ನುಸುಳದಂತೆ ತಡೆದದ್ದು ನಾವೇ ಬರೆದ ನಿಯಮ.

ಚೀಟಿಯಲ್ಲಿ 20 ಸೆಕೆಂಡು ಎಂದು ಬರೆದಿತ್ತು. ಹಿಡಿದ ಎರಡು ಓಟಗಳಲ್ಲಿ ಗೋಲಿ 23 ಮತ್ತು 25 ಸೆಕೆಂಡು ತೆಗೆದುಕೊಂಡಿತು. ಸರಾಸರಿಯಲ್ಲಿ ನಾಲ್ಕು ಸೆಕೆಂಡು ತಪ್ಪಿ, ಎಂಟು ಅಂಕ ಹೋದವು. ಒಟ್ಟು 88. ಇನ್ನೊಬ್ಬ ಹುಡುಗನಿಗೆ 91 ಬಂದು ಮೊದಲ ಸ್ಥಾನ ಅವನದಾಯಿತು.

ಅಂಕಪಟ್ಟಿ ಕೈಗೆ ಬಂದಾಗ ಮಗು ಗೋಡೆಗೆ ಒರಗಿ ಕುಳಿತು ಪೆನ್ಸಿಲಿನಿಂದ ಕೂಡಿಸಿತು. ಎರಡು ಸಲ ಕೂಡಿಸಿತು. ಆಮೇಲೆ ನಮ್ಮ ಬಳಿಗೆ ಬಂದು, "ಲೆಕ್ಕ ಬರೋಬ್ಬರಿ ಅದ ಮುತ್ಯಾ. ಟಂಟಂನಾಗ ತರುವಾಗ ಕಂಬ ಸರದಾವ, ಇಳಿಜಾರು ಕಡಿಮಿ ಆಗ್ಯಾದ. ಇಲ್ಲಿ ಬಂದ ಮ್ಯಾಲೆ ಮತ್ತೊಮ್ಮೆ ಅಳತಿ ಮಾಡಿ ಚೀಟಿ ಬರಿಬೇಕಿತ್ತು" ಎಂದಿತು. ನಿಂತಲ್ಲಿಯೇ ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಿತು. ಹಿಂದಿನ ವರ್ಷ ಏಳನೆಯ ಸ್ಥಾನದಿಂದ ಮಗು ಏನನ್ನೂ ಕಲಿಯುವಂತಿರಲಿಲ್ಲ. ಈ ವರ್ಷ ಎರಡನೆಯ ಸ್ಥಾನ ಅದಕ್ಕೆ ಒಂದು ಪಾಠವನ್ನು ಕೊಟ್ಟಿತು.

ನಮ್ಮ ಸಮಾಜದ ಮನೆಗಳಲ್ಲಿ, ಸಂಘಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಮಕ್ಕಳಿಗಾಗಿ ಅನೇಕ ಸ್ಪರ್ಧೆಗಳು ನಡೆಯುತ್ತವೆ: ಭಾಷಣ, ವಚನಗಾಯನ, ರಂಗೋಲಿ, ವಿಜ್ಞಾನ ಮಾದರಿ. ಇಂದು ಮಗುವಿನ ಒಂದು ಹೊಸ ಆಲೋಚನೆಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ 10,000 ರೂಪಾಯಿ ದೊರೆಯುವುದುಂಟು. ಆಸೆ ಹೆಚ್ಚಿದಂತೆ ತಂದೆತಾಯಿಗಳೇ ಕತ್ತರಿ ಹಿಡಿದು ಕೂಡುವುದೂ ಹೆಚ್ಚಿದೆ. ಮಗುವಿನ ಕೈಯ ಕೆಲಸವನ್ನು ಕಿತ್ತುಕೊಂಡು ಬಹುಮಾನ ಕೊಡಿಸಿದರೆ, ಕಾಯಕವನ್ನು ತಾವಿಟ್ಟುಕೊಂಡು ಮಗುವಿಗೆ ಬರಿಯ ಕಾಗದವನ್ನು ಕೊಟ್ಟಂತಾಯಿತು. ಹಿರಿಯರು ಮಾಡಬೇಕಾದ ಕೆಲಸ ಬೇರೆಯೇ ಇದೆ. ಏನನ್ನು ಅಳೆಯುತ್ತೇವೆಂದು ಮೊದಲೇ ಹೇಳಬೇಕು, ಹೇಳಿದ್ದನ್ನೇ ಅಳೆಯಬೇಕು, ಅಳೆದದ್ದನ್ನು ಮಗುವಿಗೆ ತೋರಿಸಬೇಕು.

ಆ ಶಾಲೆಯವರು ಈ ಸಲವೂ ಕರೆದಿದ್ದಾರೆ. ನಿಯಮದಲ್ಲಿ ಒಂದು ಮಾತನ್ನು ಹೊಸದಾಗಿ ಸೇರಿಸಿದ್ದೇವೆ: ಮಾದರಿಯನ್ನು ತಂದಿಟ್ಟ ಮೇಲೆ ಸರಿಪಡಿಸಿಕೊಳ್ಳಲು ಪ್ರತಿ ಮಗುವಿಗೂ ಅರ್ಧ ಗಂಟೆ ಕೊಡತಕ್ಕದ್ದು, ಸಮಯದ ಚೀಟಿಯನ್ನು ಅನಂತರವೇ ಪಡೆಯತಕ್ಕದ್ದು. ಅದು ಯಾರ ನೋಟುಪುಸ್ತಕದಿಂದ ಬಂದ ಮಾತೆಂದು ಓದುಗರಿಗೆ ಹೇಳಬೇಕಾಗಿಲ್ಲ.